ಆಚಂದ್ರಾರ್ಕವೆಂಬ ಮಾತು: ದಾನಶಾಸನಗಳ ಒಂದು ವಿಮರ್ಶೆ

ನಮ್ಮ ಸೀಮೆಯ ಹಳೆಯ ಗುಡಿಗಳ ಬಾಗಿಲಲ್ಲೋ, ಊರ ಅಗಸೆಯ ಪಕ್ಕದಲ್ಲೋ ಒಂದು ಕಲ್ಲು ನಿಂತಿರುತ್ತದೆ. ಅದರ ನೆತ್ತಿಯಲ್ಲಿ ಸೂರ್ಯಚಂದ್ರರು, ನಡುವೆ ಲಿಂಗ, ಒಂದು ಬದಿಗೆ ಕರುವಿಗೆ ಹಾಲೂಡುವ ಆಕಳು, ಕೆಳಗೆ ಒತ್ತೊತ್ತಾಗಿ ಕೊರೆದ ಹಳಗನ್ನಡದ ಸಾಲುಗಳು. ಭಕ್ತರು ದೇವರಿಗೆ ಎರೆದ ಎಣ್ಣೆಯಲ್ಲಿ ಒಂದಿಷ್ಟನ್ನು ಅದಕ್ಕೂ ಎರೆದು, ಕುಂಕುಮವಿಟ್ಟು ಕೈಮುಗಿದು ಹೋಗುತ್ತಾರೆ. ಪೂಜಿಸುವವರು ಅನೇಕರು; ಓದುವವರು ವಿರಳ. ಓದುವ ವಿದ್ವಾಂಸರೂ ಬಹುಮಟ್ಟಿಗೆ ಅರಸರ ವಂಶಾವಳಿ, ಕಾಲನಿರ್ಣಯ, ಭಾಷೆಯ ರೂಪ ಇವುಗಳನ್ನು ಆಯ್ದುಕೊಂಡು ಉಳಿದುದನ್ನು ಬದಿಗಿಡುವುದು ರೂಢಿ. 1966ರಲ್ಲಿ ಪ್ರಕಟವಾದ ಡಾ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಈ ರೂಢಿಯನ್ನು ಮುರಿದು, ಶಾಸನಗಳಲ್ಲಿ ಜನಜೀವನವನ್ನು ಕಾಣಿಸಿಕೊಟ್ಟಿತು. ಆದರೂ ಒಂದು ಪ್ರಶ್ನೆಯನ್ನು ಆ ಕಲ್ಲುಗಳಿಗೆ ನಾವು ಇನ್ನೂ ಸರಿಯಾಗಿ ಕೇಳಿಲ್ಲ. ಅವು ಮೂಲತಃ ದಾನಪತ್ರಗಳು. ದಾನವು ಉಳಿಯಬೇಕೆಂದು ಬರೆದ ಬರಹಗಳು. ಬರೆದವರು ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದರು? ಎಲ್ಲಿ ಸೋತರು?

ಈ ಪ್ರಶ್ನೆ ಬರಿಯ ಪಾಂಡಿತ್ಯದ್ದಲ್ಲ. ಮಠದಲ್ಲಿ ಉಂಡು, ಓದಿ, ಈಗ ದೂರದ ಊರುಗಳಲ್ಲಿ ಉದ್ಯೋಗ ಮಾಡಿ ನಿವೃತ್ತರಾಗುತ್ತಿರುವ ಹಳೆಯ ವಿದ್ಯಾರ್ಥಿಗಳು ನಮ್ಮೊಡನೆ ಮೇಲಿಂದ ಮೇಲೆ ಆಡುವ ಮಾತೊಂದಿದೆ: “ಅಪ್ಪಾವರೆ, ಏನಾದರೂ ಕೊಡಬೇಕೆಂದಿದ್ದೇನೆ, ನಾನು ಹೋದ ಮೇಲೂ ಅದು ನಡೆಯುವಂತಿರಬೇಕು. ಹೇಗೆ ಕೊಡಲಿ?” ಈ ‘ಹೇಗೆ’ ಎಂಬುದಕ್ಕೆ ಸಾವಿರ ವರ್ಷದ ಅನುಭವ ನಮ್ಮ ಕಲ್ಲುಗಳಲ್ಲಿದೆ. ಅದನ್ನು ಭಕ್ತಿಯಿಂದ ಮಾತ್ರ ಓದಿದರೆ ಸಾಲದು, ವಿಮರ್ಶೆಯ ಕಣ್ಣಿನಿಂದಲೂ ಓದಬೇಕು.

ಶಾಸನದ ಎರಡು ಭಾಗಗಳು

ದಾನಶಾಸನದ ರಚನೆಗೆ ಒಂದು ಕಟ್ಟು ಇದೆ. ದೇವತಾಸ್ತುತಿ, ಆಳುವ ಅರಸನ ಪ್ರಶಸ್ತಿ, ದಾನಿಯ ವಂಶ ಮತ್ತು ಗುಣಗಳ ವರ್ಣನೆ, ಶಕವರ್ಷ ಸಂವತ್ಸರ ತಿಥಿ ವಾರಗಳು, ಆಚಾರ್ಯನ ಪಾದ ತೊಳೆದು ಧಾರೆಯೆರೆದ ಸಂಗತಿ, ಕೊಟ್ಟ ಭೂಮಿಯ ಎಲ್ಲೆ ಮತ್ತು ಅಳತೆ, ಅದರ ಉತ್ಪತ್ತಿಯ ವಿನಿಯೋಗ, ಕೊನೆಗೆ ಕಾಪಾಡಿದವರಿಗೆ ಪುಣ್ಯ, ಕೆಡಿಸಿದವರಿಗೆ ಶಾಪ. ಇದನ್ನು ಸ್ಥೂಲವಾಗಿ ಎರಡಾಗಿ ಭಾಗಿಸಬಹುದು. ಮೊದಲರ್ಧ ಪದ್ಯಪ್ರಧಾನ, ಎರಡನೆಯದು ಗದ್ಯಪ್ರಧಾನ.

ಸಾಹಿತ್ಯಚರಿತ್ರಕಾರರು ಮೊದಲರ್ಧದ ಚಂಪಕಮಾಲೆ, ಉತ್ಪಲಮಾಲೆ, ಕಂದಗಳನ್ನು ಎತ್ತಿ ಮೆಚ್ಚುತ್ತಾರೆ. ಮೆಚ್ಚತಕ್ಕವು ಕೆಲವು ಇಲ್ಲದಿಲ್ಲ. ಆದರೆ ಹತ್ತು ಶಾಸನಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಈ ಭಾಗದ ಬಡತನ ತಾನಾಗಿ ತಿಳಿಯುತ್ತದೆ. ಎಲ್ಲ ದಾನಿಗಳೂ ಕಲ್ಪವೃಕ್ಷಗಳೇ, ಎಲ್ಲರೂ ಕರ್ಣನನ್ನು ಮೀರಿದವರೇ. ಒಬ್ಬ ದಂಡನಾಯಕನಿಗೆ ಹೊಲಿದ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿದರೆ ಎಲ್ಲಿಯೂ ಬಿಗಿಯಾಗದು. ಎರಡನೆಯ ಭಾಗದ ಗದ್ಯ ಹಾಗಲ್ಲ. ಮೂಡಣ ಎಲ್ಲೆ ಯಾವ ಹಳ್ಳ, ತೆಂಕಣ ಎಲ್ಲೆ ಯಾವ ಹುಣಿಸೆಮರ, ಯಾವ ಕೋಲಿನಿಂದ ಅಳೆದ ಎಷ್ಟು ಮತ್ತರು, ನಂದಾದೀಪಕ್ಕೆ ಎಷ್ಟು ಎಣ್ಣೆ, ಓದಿಸುವವನಿಗೆ ಎಷ್ಟು, ಅಡುಗೆಯವನಿಗೆ ಎಷ್ಟು ಎಂಬ ಈ ಸಾಲುಗಳನ್ನು ಬೇರೆ ಶಾಸನದಿಂದ ಎರವಲು ತರಲು ಬರುವಂತಿಲ್ಲ. ದಾನಿ ಆ ನೆಲದ ಮೇಲೆ ನಡೆದಾಡಿದ್ದಾನೆ, ಆ ದೀಪದ ಬತ್ತಿಯನ್ನು ಎಣಿಸಿದ್ದಾನೆ. ನಮ್ಮ ಅಭಿಪ್ರಾಯದಲ್ಲಿ ಶಾಸನದ ನಿಜವಾದ ಸಾಹಿತ್ಯ ಇರುವುದು ಈ ಪಟ್ಟಿಗಳಲ್ಲಿ. ದಾನವು ಎಷ್ಟು ಕಾಲ ಬಾಳಿತೆಂಬುದನ್ನು ನಿರ್ಣಯಿಸಿದ್ದೂ ಪ್ರಶಸ್ತಿಯ ವೈಭವವಲ್ಲ, ಪಟ್ಟಿಯ ವಿವೇಕ.

ಮೂರು ನಿದರ್ಶನಗಳು

ಮೊದಲನೆಯದು ಸಾಲೋಟಗಿ. ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ಈ ಊರಿಗೆ ಹಿಂದೆ ಪಾವಿಟ್ಟಗೆ ಎಂದು ಹೆಸರು. ಕ್ರಿ.ಶ. 945ರಲ್ಲಿ, ನಮ್ಮ ಸೇಡಂ ಬಳಿಯ ಮಾನ್ಯಖೇಟದಿಂದ, ಅಂದರೆ ಇಂದಿನ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ತ್ರೈಪುರುಷ ದೇವಾಲಯವನ್ನೂ ಶಾಲೆಯನ್ನೂ ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಾಸದ ಮನೆಗಳು. ಶಾಲೆಯ ಖರ್ಚಿಗೆ 500 ನಿವರ್ತನ ಭೂಮಿ. ದೀಪಕ್ಕೆಂದೇ ಬೇರೆ 12 ನಿವರ್ತನ. ಅಧ್ಯಾಪಕನಿಗೆ ಪ್ರತ್ಯೇಕ ಭೂಮಿ. ಓದುವ ಹುಡುಗನಿಗೆ ರಾತ್ರಿ ಬೆಳಕು ಬೇಕು, ಬೆಳಕಿನ ಖರ್ಚು ಊಟದ ಖರ್ಚಿನಲ್ಲಿ ಮುಳುಗಿಹೋಗಬಾರದು ಎಂದು ಸಾವಿರ ವರ್ಷದ ಹಿಂದೆ ಒಬ್ಬ ಮಂತ್ರಿ ಯೋಚಿಸಿದನೆಂಬುದು ಸಾಮಾನ್ಯ ಮಾತಲ್ಲ. ಆದರೆ ಆ ಶಾಸನದಲ್ಲಿ ಇದಕ್ಕಿಂತ ಮಿಗಿಲಾದ ಇನ್ನೊಂದು ಏರ್ಪಾಟು ಇದೆ. ಊರವರು ತಮ್ಮ ಮನೆಯ ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದಕ್ಕೂ ಕಡಿಮೆ ಶಾಲೆಗೆ ಕೊಡಬೇಕೆಂದು ಗೊತ್ತುಮಾಡಿದರು. ಮಂತ್ರಿಯ ದಾನ ಒಮ್ಮೆ ಬಂದುದು. ಊರವರ ದಾನ ವರ್ಷವರ್ಷವೂ ಬರತಕ್ಕುದು. ಒಂದು ಕೆರೆಯ ನೀರಿನಂತೆ, ಇನ್ನೊಂದು ಒರತೆಯಂತೆ. ಹಿರಿಯ ದಾನಿಯೊಬ್ಬನು ಸಿಕ್ಕಿದನೆಂದು ಊರವರನ್ನು ಹೊಣೆಯಿಂದ ಬಿಡಿಸಲಿಲ್ಲವೆಂಬುದು ಇಲ್ಲಿಯ ಮರ್ಮ.

ಎರಡನೆಯದು ನಮ್ಮ ಮನೆಯಂಗಳದ್ದೇ ಆದ ನಾಗಾವಿ. ಚಿತ್ತಾಪುರದ ಬಳಿಯ ಈ ಸ್ಥಳಕ್ಕೆ ನಮ್ಮ ಭಾಗದ ಜನ ಯಲ್ಲಮ್ಮನ ದರ್ಶನಕ್ಕೆಂದು ಹೋಗುತ್ತಾರೆ; ಅರವತ್ತು ಕಂಬದ ಗುಡಿಯನ್ನು ನೋಡಿ ಬರುತ್ತಾರೆ. ಅಲ್ಲಿ ಕ್ರಿ.ಶ. 1058ರಲ್ಲಿ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನನು ಒಂದು ಘಟಿಕಾಸ್ಥಾನವನ್ನು ನಡೆಸಲು ದತ್ತಿ ಬಿಟ್ಟನೆಂಬುದನ್ನು ಎಷ್ಟು ಜನ ಬಲ್ಲರು? ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ, ಅವರಿಗೆ ಉಪಾಧ್ಯಾಯರು. ಇವರೊಡನೆ ಆರು ಮಂದಿ ‘ಸರಸ್ವತೀ ಭಂಡಾರಿಗರು’. ಗ್ರಂಥಗಳನ್ನು ಕಾಯುವವರಿಗೆ ಭಂಡಾರಿ ಎಂಬ ಹೆಸರನ್ನು ಕೊಟ್ಟಿರುವಲ್ಲಿಯೇ ಆ ಕಾಲದ ದೃಷ್ಟಿ ಇದೆ, ಪುಸ್ತಕವೂ ಬೊಕ್ಕಸವೇ. ಈಗ ಗ್ರಂಥಾಲಯದ ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಪುಸ್ತಕಕ್ಕೂ ಸಿಗುತ್ತಾರೆ. ಗ್ರಂಥಪಾಲಕನ ಸಂಬಳಕ್ಕೆ ಯಾರೂ ಸಿಗುವುದಿಲ್ಲ. ಬೀಗ ಹಾಕಿದ ಗ್ರಂಥಾಲಯಗಳು ನಮ್ಮ ಸಂಸ್ಥೆಗಳಲ್ಲಿ ಎಷ್ಟಿವೆಯೆಂಬುದನ್ನು ಎಣಿಸಿದರೆ, ಮಧುಸೂದನನು ಆರು ಭಂಡಾರಿಗರಿಗೆ ಜೀವನೋಪಾಯ ಕಲ್ಪಿಸಿದುದರ ಬೆಲೆ ತಿಳಿಯುತ್ತದೆ.

ಮೂರನೆಯದು ಬಳ್ಳಿಗಾವೆಯ ಕೋಡಿಯ ಮಠ. ಕ್ರಿ.ಶ. 1162ರ ಶಾಸನ ಆ ಕಾಳಾಮುಖ ಮಠವನ್ನು ವರ್ಣಿಸುವ ರೀತಿ ಪ್ರಸಿದ್ಧವಾದುದು. ಅಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಮಾತ್ರವಲ್ಲದೆ ಬೌದ್ಧ ದರ್ಶನದ ವ್ಯಾಖ್ಯಾನವೂ ನಡೆಯುತ್ತಿತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಬೇರೆ ಬೇರೆ ಮತದ ಸಂನ್ಯಾಸಿಗಳು ಇವರೆಲ್ಲರಿಗೂ ಅನ್ನ, ರೋಗಿಗಳಿಗೆ ಔಷಧ, ಅಂಜಿ ಬಂದವರಿಗೆ ಅಭಯ. ಕಳಚುರಿ ಬಿಜ್ಜಳನು ದಕ್ಷಿಣದ ಯಾತ್ರೆಯಲ್ಲಿ ಅಲ್ಲಿಗೆ ಬಂದಾಗ ಈ ಮಠಕ್ಕೆ ದಾನವಿತ್ತನು. ಈ ಪಟ್ಟಿಯಲ್ಲಿ ಪಾತ್ರರ ಹೆಸರು ಮುಂದೆ, ದಾನಿಯ ಹೆಸರು ಹಿಂದೆ ಎಂಬುದನ್ನು ಗಮನಿಸಬೇಕು. ಮಠವೆಂದರೆ ಏನೆಂಬುದಕ್ಕೆ ಅದಕ್ಕಿಂತ ವಿಶಾಲವಾದ ವ್ಯಾಖ್ಯೆಯನ್ನು ನಾವು ಬೇರೆಡೆ ಕಂಡಿಲ್ಲ. ನಮ್ಮ ಸೇಡಂನಲ್ಲಿಯೇ, 12ನೆಯ ಶತಮಾನದ ಮೊದಲ ಪಾದದಲ್ಲಿ, ವೇದಾಧ್ಯಯನ ಮಾಡಿದ ಮುನ್ನೂರು ಮಹಾಜನರು ಶಾಂತಿನಾಥನ ಬಸದಿಯನ್ನು ಕಟ್ಟಿಸಿದರೆಂಬುದನ್ನೂ ಇದರೊಡನೆ ನೆನೆಯಬೇಕು. ತನ್ನವರಿಗೆ ಕೊಡುವುದು ಸುಲಭ. ತನ್ನವರಲ್ಲದವರ ಬಾಳನ್ನೂ ತನ್ನ ದಾನದ ಎಲ್ಲೆಯೊಳಗೆ ತರುವುದು ಕಠಿಣ. ಈ ಕಠಿಣವಾದುದನ್ನು ನಮ್ಮ ಹಿರಿಯರು ಮಾಡಿ ತೋರಿಸಿದ್ದಾರೆ.

ಶಾಸನ ಮರೆತುದು

ಇಷ್ಟೆಲ್ಲ ವಿವೇಕದಿಂದ ಬರೆದ ಬರಹಗಳು ಸೋತದ್ದೇಕೆ? ನಾಗಾವಿಯಲ್ಲಿ ಇಂದು ಕಂಬಗಳಿವೆ, ಘಟಿಕಾಸ್ಥಾನವಿಲ್ಲ. ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಗುಡಿ ಇದೆ, ಮಠದ ಅನ್ನವಿಲ್ಲ. ಆಚಂದ್ರಾರ್ಕ ನಡೆಯಲೆಂದು ಬರೆಸಿದ ದಾನಗಳಿವು; ಚಂದ್ರನೂ ಸೂರ್ಯನೂ ತಮ್ಮ ಮಾತಿಗೆ ತಪ್ಪಲಿಲ್ಲ.

ಕಾರಣಗಳನ್ನು ಶಾಸನದ ಒಳಗಿನಿಂದಲೇ ಹುಡುಕಬಹುದು. ರಕ್ಷಣೆಯ ವಿಷಯದಲ್ಲಿ ಶಾಸನಕಾರನಿಗೆ ಒಂದು ದೊಡ್ಡ ಸತ್ಯ ತಿಳಿದಿತ್ತು. ದಾನ ಮತ್ತು ಪಾಲನೆ ಇವೆರಡರಲ್ಲಿ ಪಾಲನೆಯೇ ಶ್ರೇಷ್ಠವೆಂಬ ಅರ್ಥದ ಶ್ಲೋಕ ನೂರಾರು ಶಾಸನಗಳ ಕೊನೆಯಲ್ಲಿ ಬರುತ್ತದೆ. ಹೊಸದಾಗಿ ಕೊಡುವವನಿಗಿಂತ, ಹಿಂದಿನವರು ಕೊಟ್ಟುದನ್ನು ಕೆಡದಂತೆ ನಡೆಸುವವನು ದೊಡ್ಡವನೆಂಬ ಈ ಮಾತನ್ನು ನಮ್ಮ ಕಾಲ ಪೂರ್ತಿಯಾಗಿ ಮರೆತಿದೆ. ಆದರೆ ಪಾಲನೆಯನ್ನು ಇಷ್ಟು ಹೊಗಳಿದ ಶಾಸನ, ಪಾಲಿಸುವವನನ್ನು ಕೇಳುವವರು ಯಾರೆಂಬುದನ್ನು ಬಹುಮಟ್ಟಿಗೆ ಹೇಳುವುದಿಲ್ಲ. ಅದರ ಬದಲು ಶಾಪ ಹಾಕುತ್ತದೆ: ದತ್ತಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನು, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಗುರಿಯಾಗುವನು. ಪಾಪಕ್ಕೆ ಅಂಜುವವನು ಶಾಪವಿಲ್ಲದಿದ್ದರೂ ಕದಿಯುತ್ತಿರಲಿಲ್ಲ; ಅಂಜದವನನ್ನು ಶಾಪ ತಡೆಯಲಿಲ್ಲ. ಲೆಕ್ಕ ಇರಬೇಕಾದ ಜಾಗದಲ್ಲಿ ಶಾಪವನ್ನು ಇಟ್ಟದ್ದು ಶಾಸನದ ಮೊದಲ ದೋಷ.

ಎರಡನೆಯ ದೋಷ ಇನ್ನೂ ಆಳವಾದುದು. ಭೂಮಿಯ ನಾಲ್ಕು ಎಲ್ಲೆಗಳನ್ನು, ಹಳ್ಳ ಮರ ಬಂಡೆಗಳನ್ನು ಹೆಸರಿಸುವ ಶಾಸನ, ಆ ಭೂಮಿಯನ್ನು ಉಳುವವನ ಹೆಸರನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಸರ್ವಬಾಧಾಪರಿಹಾರವೆಂದು ದಾನ ಪಡೆದವನನ್ನು ಎಲ್ಲ ತೆರಿಗೆಗಳಿಂದ ಬಿಡಿಸುತ್ತದೆ. ಒಕ್ಕಲಿಗನ ಬಾಧೆಯ ಮಾತು ಇಲ್ಲ. ದೇವರಿಗೆ ನಂದಾದೀಪ ಉರಿಯಿತು. ಆ ಎಣ್ಣೆಯ ಎಳ್ಳನ್ನು ಬೆಳೆದವನ ಮನೆಯಲ್ಲಿ ದೀಪವಿತ್ತೋ ಇಲ್ಲವೋ ಎಂಬುದನ್ನು ಯಾರೂ ಕೊರೆಯಿಸಲಿಲ್ಲ. ಕಾಯಕವನ್ನೇ ಕೈಲಾಸವೆಂದು ನಂಬಿದ ಶರಣರ ಪರಂಪರೆಯವರು ಈ ಮೌನವನ್ನು ಕಾಣದೆ ಮುಂದೆ ಹೋಗಲಾಗದು. ಈ ಮೌನಕ್ಕೆ ಉತ್ತರ 20ನೆಯ ಶತಮಾನದಲ್ಲಿ ಬಂದಿತು. ಹಿಂದಿನ ಹೈದರಾಬಾದು ಸೀಮೆಯಲ್ಲಿ 1955ರ ಇನಾಮು ರದ್ದಿಯಾತಿ ಕಾಯಿದೆ. ಆ ಮೇಲೆ ಇಡೀ ಕರ್ನಾಟಕಕ್ಕೆ 1974ರ ಮಾರ್ಚಿನಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ. ಉಳುವವನು ಒಡೆಯನಾದನು. ಅನೇಕ ಮಠ, ಗುಡಿಗಳ ಆದಾಯ ಕುಸಿಯಿತು, ದಾಸೋಹಗಳು ಸೊರಗಿದವು. ಆ ನೋವು ದೊಡ್ಡದೇ ಸರಿ. ಆದರೂ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಹಾಗೆ ನೆಲ ಪಡೆದ ಒಕ್ಕಲುಗಳ ಮಕ್ಕಳೇ ಎಂಬುದನ್ನು ನೆನೆದರೆ, ಅದನ್ನು ನಷ್ಟವೆಂದಷ್ಟೇ ಕರೆಯಲು ಬಾಯಿ ಬಾರದು. ಒಬ್ಬನ ಬೆವರನ್ನು ಅವನನ್ನು ಕೇಳದೆ ಇನ್ನೊಬ್ಬನು ದಾನವಾಗಿ ಕೊಟ್ಟರೆ, ಅಂಥ ದಾನಕ್ಕೆ ಒಂದಲ್ಲ ಒಂದು ದಿನ ಲೆಕ್ಕ ಕೇಳುವವರು ಬಂದೇ ಬರುತ್ತಾರೆ.

ನೆಲದಿಂದ ಹಣಕ್ಕೆ

ನೆಲ ಹೋದ ಮೇಲೆ ದಾನವು ಹಣದ ರೂಪ ತಾಳಿತು. ಇದೂ ಹೊಸದೇನಲ್ಲ. ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೆಂದು ಭಕ್ತರು ಗದ್ಯಾಣಗಳನ್ನು ಬಡ್ಡಿಗೆ ಇಟ್ಟುದು ಕಾಣುತ್ತದೆ. ಆದರೆ ಅಲ್ಲಿಯೂ ಗೊತ್ತುಮಾಡಿದುದು ದಿನಕ್ಕೆ ಇಷ್ಟು ಮಾನ ಹಾಲು ಎಂಬುದನ್ನು. ಹಾಲಿನ ಬೆಲೆ ಏರಲಿ, ಇಳಿಯಲಿ, ಸಲ್ಲಬೇಕಾದುದು ಹಾಲು. ನಮ್ಮ ಕಾಲದ ದತ್ತಿ ಇದನ್ನು ತಲೆಕೆಳಗು ಮಾಡಿತು. “ಇದರ ಬಡ್ಡಿಯಿಂದ ವರ್ಷಕ್ಕೆ ಇಷ್ಟು ರೂಪಾಯಿಯ ಬಹುಮಾನ” ಎಂದು ಬರೆಯಿತು. ಫಲವೇನು? ಒಂದು ಲೆಕ್ಕ ಮಾಡಿ ನೋಡೋಣ. ಭಕ್ತರೊಬ್ಬರು 1975ರಲ್ಲಿ 5,000 ರೂಪಾಯಿ ಇಟ್ಟರೆಂದು ತಿಳಿಯಿರಿ. ಶೇಕಡಾ 8ರ ಬಡ್ಡಿಯಂತೆ ವರ್ಷಕ್ಕೆ 400 ರೂಪಾಯಿ. ಆ ಕಾಲಕ್ಕೆ ಒಬ್ಬ ಬಡ ವಿದ್ಯಾರ್ಥಿಯ ಒಂದು ವರ್ಷದ ಪುಸ್ತಕ, ಬಟ್ಟೆಗಳಿಗೆ ಸಾಕಾಗುವ ಹಣ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಸುಮಾರು 12 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. 48 ವರ್ಷಗಳಲ್ಲಿ ಹದಿನಾರು ಪಟ್ಟು. ಆಗ ಆ 400 ರೂಪಾಯಿಗೆ ಉಳಿಯುವ ಬೆಲೆ ಹಿಂದಿನ 25 ರೂಪಾಯಿಯದು. ಅಸಲನ್ನು ಯಾರೂ ಮುಟ್ಟಿಲ್ಲ, ಯಾರೂ ಕದ್ದಿಲ್ಲ, ಲೆಕ್ಕ ಪೈಸೆಗೆ ಪೈಸೆ ಸರಿಯಾಗಿದೆ. ಆದರೂ ದಾನ ಕರಗಿಹೋಗಿದೆ. ಸ್ನೇಹ ಸಮ್ಮೇಳನದ ವೇದಿಕೆಯ ಮೇಲೆ ಕಾಗದದ ಲಕೋಟೆಯಲ್ಲಿ ಆ ಹಣವನ್ನು ಪಡೆದ ಬಾಲಕ, ಅದರ ಮೇಲಿನ ದಾನಿಯ ಹೆಸರನ್ನು ನೋಡಿ ನಗುವಂತಾದರೆ ಅದು ಆ ಪುಣ್ಯಾತ್ಮನಿಗೆ ನಾವು ಮಾಡಿದ ಅಪಚಾರ.

ಸರಕಾರಗಳೂ ಈ ಬಲೆಯಲ್ಲಿ ಬಿದ್ದಿವೆ. ಇನಾಮು ಭೂಮಿಗೆ ಪ್ರತಿಯಾಗಿ ಗುಡಿಗಳಿಗೆ ಗೊತ್ತುಮಾಡಿದ ತಸ್ತೀಕು ಹಣ ಎಣ್ಣೆ ಬತ್ತಿಗೂ ಸಾಲದಂತಾಗಿ, ಅದನ್ನು ಪದೇ ಪದೇ ಹೆಚ್ಚಿಸಬೇಕಾಯಿತು. ಲೋಕಪ್ರಸಿದ್ಧವಾದ ನೊಬೆಲ್ ದತ್ತಿಯ ಕಥೆಯೂ ಇದೇ. ಆಲ್ಫ್ರೆಡ್ ನೊಬೆಲ್ ತನ್ನ 1895ರ ಮೃತ್ಯುಪತ್ರದಲ್ಲಿ ಹಣವನ್ನು ಸುಭದ್ರ ಪತ್ರಗಳಲ್ಲಿಯೇ ತೊಡಗಿಸಬೇಕೆಂದು ಬರೆದನು. ಆ ಭದ್ರತೆಯೇ ಮುಳುವಾಗಿ, 1901ರಲ್ಲಿ ಮೊದಲು ಕೊಟ್ಟ ಬಹುಮಾನದ ನಿಜವಾದ ಬೆಲೆ ದಶಕಗಳ ಕಾಲ ಇಳಿಯುತ್ತ ಹೋಯಿತು. 1953ರಲ್ಲಿ ಸ್ವೀಡನ್ನಿನ ಸರಕಾರ ನಿಯಮವನ್ನು ಸಡಿಲಿಸಿ ಷೇರುಗಳಲ್ಲಿಯೂ ತೊಡಗಿಸಲು ಅನುಮತಿ ಕೊಟ್ಟ ಮೇಲೆ ಅದು ಚೇತರಿಸಿಕೊಂಡಿತು. ದಾನಿಯ ಅಕ್ಷರಕ್ಕೆ ಅಂಟಿಕೊಂಡಿದ್ದರೆ ದಾನಿಯ ಆಶಯವೇ ಸಾಯುತ್ತಿತ್ತು.

ಹೆಸರಿನ ಮೋಹ

ಇಂದಿನ ದಾನದ ಬರಹಗಳನ್ನು ಸಾಹಿತ್ಯವೆಂದು ವಿಮರ್ಶಿಸಹೊರಟರೆ ದೊರೆಯುವುದು ಬಹಳವಿಲ್ಲ. ಗೋಡೆಯ ಮೇಲಿನ ಫಲಕದಲ್ಲಿ ದಾನಿಯ ಹೆಸರು, ತಂದೆಯ ಹೆಸರು, ಊರು, ಮೊತ್ತ, ಉದ್ಘಾಟಿಸಿದವರ ಹೆಸರು, ಇಷ್ಟಕ್ಕೆ ಮುಗಿಯಿತು. ನಮ್ಮ ಶಹಾಬಾದದ ಕಲ್ಲು ನಾಡಿನ ಮನೆಮನೆಗಳ ನೆಲಕ್ಕೆ ಹಾಸಾಗಿ ಮೌನವಾಗಿ ಸೇವೆ ಮಾಡುತ್ತದೆ. ಹೊಳೆಯುವ ಕಲ್ಲು ಗೋಡೆ ಏರಿ ಹೆಸರು ಹೇಳುತ್ತದೆ. ತಿರುಗುವ ಫ್ಯಾನಿನ ರೆಕ್ಕೆಯ ಮೇಲೂ ಹೆಸರು ಬರೆಸಿದವರಿದ್ದಾರೆ. ಫ್ಯಾನು ನಿಂತಾಗ ಮಾತ್ರ ಅದನ್ನು ಓದಲು ಬರುತ್ತದೆ. ಇದು ನಗುವ ಮಾತಾದರೂ ಇದರ ಹಿಂದೆ ಒಂದು ಗಂಭೀರವಾದ ದೋಷವಿದೆ. ಶಾಸನದಲ್ಲಿ ಮೊದಲರ್ಧವೂ ಇತ್ತು, ಎರಡನೆಯ ಅರ್ಧವೂ ಇತ್ತು. ನಮ್ಮ ಫಲಕದಲ್ಲಿ ಪ್ರಶಸ್ತಿ ಉಳಿದಿದೆ, ಪಟ್ಟಿ ಹೋಗಿದೆ. ಯಾರು ಕೊಟ್ಟರೆಂದು ತಿಳಿಯುತ್ತದೆ. ಯಾರಿಗೆ, ಏನು, ಯಾವಾಗ, ಯಾರ ಹೊಣೆಯಲ್ಲಿ ಸಲ್ಲಬೇಕೆಂದು ತಿಳಿಯುವುದಿಲ್ಲ.

ಹೆಸರು ಉಳಿಯಬಾರದೆಂದು ನಾವು ಹೇಳುತ್ತಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರು ಉಳಿದಿದೆ. 1861ರಲ್ಲಿ ಜನಿಸಿ, 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿ, 1906ರಲ್ಲಿ ಲಿಂಗೈಕ್ಯರಾದ ಈ ಸಂಸ್ಥಾನಿಕರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದ ಮೂಲಕ ಬಿಟ್ಟರು. ಆ ದತ್ತಿಯ ವಿದ್ಯಾರ್ಥಿವೇತನದಿಂದ ಓದಿ ಮುಂದೆ ಬಂದವರು ತಲೆಮಾರುಗಳಷ್ಟು. ಅವರ ಹೆಸರು ನಿಂತದ್ದು ಫಲಕದ ಬಲದಿಂದಲ್ಲ, ಫಲ ಉಂಡವರ ನೆನಪಿನ ಬಲದಿಂದ. ಅವರಿಗಿಂತ ಹಿಂದೆ, 1883ರಲ್ಲಿ, ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳ ನೆರವಿಗಾಗಿ ನಿಧಿಯೊಂದನ್ನು ಕೂಡಿಸಲು ಸಂಸ್ಥೆ ಕಟ್ಟಿದ್ದರು. ಆ ಮೇಲೆ 1916ರಲ್ಲಿ ಬೆಳಗಾವಿಯಲ್ಲಿ ‘ಸಪ್ತರ್ಷಿಗಳು’ ಎಂದು ಖ್ಯಾತರಾದ ಏಳು ಜನ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದಾಗ, ತಮ್ಮ ಮೊದಲ ಪ್ರೌಢಶಾಲೆಗೆ ಇಟ್ಟದ್ದು ಗಿಲಗಂಚಿ-ಅರಟಾಳರ ಹೆಸರನ್ನು. 1933ರಲ್ಲಿ ಆರಂಭವಾದ ಕಾಲೇಜಿಗೆ ಇಟ್ಟದ್ದು ಲಿಂಗರಾಜರ ಹೆಸರನ್ನು. ಸಪ್ತರ್ಷಿಗಳು ತಮ್ಮ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಧನವನ್ನು ಕೊಟ್ಟವರು, ಬುದ್ಧಿಯನ್ನು ಕೊಟ್ಟವರು, ಆಯುಷ್ಯವನ್ನೇ ಕೊಟ್ಟವರು ಈ ಮೂವರೂ ಕೂಡಿದಲ್ಲಿ ದಾನ ನಿಲ್ಲುತ್ತದೆ. ಇವರಲ್ಲಿ ಒಬ್ಬರೇ ಇದ್ದಲ್ಲಿ ಕಟ್ಟಡವಷ್ಟೇ ನಿಲ್ಲುತ್ತದೆ.

ಶರಣರ ಆಕ್ಷೇಪಣೆ

ಇಲ್ಲಿ ಒಂದು ಪ್ರಾಮಾಣಿಕವಾದ ಸಂದೇಹ ಏಳಬಹುದು. ನಾಳೆಗೆ ಕೂಡಿಡುವುದನ್ನೇ ಒಪ್ಪದ ಪರಂಪರೆ ನಮ್ಮದು. ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಅಲ್ಲಿಯೇ ಚೆಲ್ಲಿ ಬರಲು ಲಕ್ಕಮ್ಮ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ಹಾಗಾದರೆ ಶಾಶ್ವತ ನಿಧಿಯೆಂಬುದು ಶರಣಧರ್ಮಕ್ಕೆ ಒಪ್ಪುವುದೆ? ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ನಿಧಿಯ ಒಡೆಯನು ಸತ್ತ ಮೇಲೂ ಮೇಲೆಯೇ ಕುಳಿತಿರಬಯಸುವನಲ್ಲವೆ?

ಈ ಆಕ್ಷೇಪಣೆಯನ್ನು ಹಗುರಾಗಿ ತಳ್ಳಿಹಾಕಬಾರದು. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು (1746–1822) ಬೆಳೆದ ಕಾಳನ್ನು ಹಕ್ಕಿಗೂ ಬಿಟ್ಟು, ಬಂದವರಿಗೆ ಉಣಿಸಿದರೇ ಹೊರತು ಮೂಲಧನವನ್ನು ಇಡಲಿಲ್ಲ. ಆದರೂ ಅವರ ದಾಸೋಹ ಎರಡು ಶತಮಾನ ದಾಟಿ ನಡೆದಿದೆ. ಅನ್ನದ ದಾಸೋಹ ಅಕ್ಷರದ ದಾಸೋಹವಾಗಿ ಬೆಳೆದು, 2017ರಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೂ ಆಯಿತು. ನಿತ್ಯವೂ ಹೊಸದಾಗಿ ತಂದು ಸುರಿಯುವ ಭಕ್ತರ ಕೈಗಳೇ ಅಲ್ಲಿ ನಿಧಿಯಾದವು. ಇದರಿಂದ ನಾವು ತಿಳಿಯಬೇಕಾದುದೇನೆಂದರೆ, ಬ್ಯಾಂಕಿನಲ್ಲಿ ಇಟ್ಟುದಷ್ಟೇ ಶಾಶ್ವತವಲ್ಲ. ಆದರೆ ಲಕ್ಕಮ್ಮ ನಿರಾಕರಿಸಿದ್ದು ತನಗಾಗಿ ಕೂಡಿಡುವುದನ್ನು. ತನಗೆ ಹೆಚ್ಚಾದುದು ತನ್ನದಲ್ಲವೆಂಬುದು ಆಕೆಯ ನಿಲುವು. ಆ ನಿಲುವಿನಲ್ಲಿ ನಿಂತು ನೋಡಿದರೆ, ಹೆಚ್ಚಾದುದನ್ನು ಅದು ಯಾರಿಗೆ ಸೇರಬೇಕೋ ಅವರಿಗೆ ಸೇರುವಂತೆ ಒಪ್ಪವಾಗಿ ಇರಿಸುವುದು ಶರಣಧರ್ಮಕ್ಕೆ ಹೊರಗಲ್ಲ. ಕೊಟ್ಟ ಮೇಲೆ ಅದರ ಮೇಲಿನ ಒಡೆತನವನ್ನೂ ಕೊಟ್ಟುಬಿಡಬೇಕು, ಅಷ್ಟೆ.

ಕೊಡುವವರಿಗೆ, ಪಾಲಿಸುವವರಿಗೆ

ಹೀಗೆ ವಿಮರ್ಶಿಸಿದ ಮೇಲೆ, ಕೊಡಬೇಕೆನ್ನುವವರ ಉಪಯೋಗಕ್ಕೆ ಕೆಲವು ಮಾತುಗಳನ್ನು ಹೇಳುವುದು ಕರ್ತವ್ಯ.

ದಾನಪತ್ರದಲ್ಲಿ ರೂಪಾಯಿಯನ್ನಲ್ಲ, ಕೆಲಸವನ್ನು ಬರೆಯಿರಿ. ‘ವರ್ಷಕ್ಕೆ ಇಷ್ಟು ರೂಪಾಯಿ’ ಎನ್ನುವುದಕ್ಕಿಂತ ‘ಒಬ್ಬ ವಿದ್ಯಾರ್ಥಿನಿಯ ಒಂದು ವರ್ಷದ ಪುಸ್ತಕಗಳು’ ಎನ್ನುವುದು ಮೇಲು. ಬಡ್ಡಿಯನ್ನೆಲ್ಲ ಖರ್ಚುಮಾಡಬಾರದೆಂದೂ ಬರೆಯಿರಿ. ಒಂದು ಲಕ್ಷಕ್ಕೆ 7,000 ಬಡ್ಡಿ ಬಂದು, ಬೆಲೆಗಳು ಶೇಕಡಾ 5ರಂತೆ ಏರುತ್ತಿದ್ದರೆ, 5,000 ಅಸಲಿಗೆ ಮರಳಬೇಕು. ಖರ್ಚಿಗೆ ಸಿಗುವುದು 2,000 ಮಾತ್ರ. ಲಕ್ಷ ಕೊಟ್ಟು ಎರಡು ಸಾವಿರದ ಕೆಲಸವೇ ಎಂದು ಬೇಸರಪಡಬೇಡಿರಿ. ಮೊಮ್ಮಕ್ಕಳ ಕಾಲಕ್ಕೂ ಆ ಕೆಲಸ ಅಷ್ಟೇ ತೂಕದಿಂದ ನಡೆಯುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಶಾಶ್ವತವೆಂಬ ಮಾತನ್ನು ಬಿಟ್ಟು, ಹತ್ತು ವರ್ಷಗಳಲ್ಲಿ ಅಸಲುಸಹಿತ ಖರ್ಚಾಗುವಂತೆ ಕೊಡಲಿ. ಅದೂ ಉತ್ತಮ ದಾನವೇ.

ಮೊದಲ ಉದ್ದೇಶ ಕಾಲಾಂತರದಲ್ಲಿ ನಿರರ್ಥಕವಾದರೆ ಎರಡನೆಯದು ಯಾವುದೆಂದು ಪತ್ರದಲ್ಲಿಯೇ ಸೂಚಿಸಿರಿ. ಹಾಗೆ ಸೂಚಿಸದಿದ್ದರೆ, ಮೂಲ ಉದ್ದೇಶಕ್ಕೆ ಹತ್ತಿರವಾದ ಬೇರೆ ಉದ್ದೇಶಕ್ಕೆ ತಿರುಗಿಸಲು ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ದಿವಾಣಿ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿಗೆ 1976ರಲ್ಲಿ ಇದಕ್ಕಾಗಿಯೇ ಒಂದು ಉಪಕಲಮನ್ನು ಸೇರಿಸಿದ್ದಾರೆ. ದಾರಿ ಇದೆ, ಆದರೆ ದೀರ್ಘವಾದುದು. ಹೊಲ, ಮನೆ ಕೊಡುವವರು ಇಬ್ಬರು ಸಾಕ್ಷಿಗಳೊಡನೆ ದಾನಪತ್ರವನ್ನು ನೋಂದಾಯಿಸಬೇಕು. ಬಾಯಿಮಾತಿನ ದಾನ ನಿಲ್ಲುವುದಿಲ್ಲ. ಮೃತ್ಯುಪತ್ರಕ್ಕೆ ನೋಂದಣಿ ಕಡ್ಡಾಯವಲ್ಲದಿದ್ದರೂ ಇಬ್ಬರು ಸಾಕ್ಷಿಗಳ ರುಜು ಬೇಕೇ ಬೇಕು. ಮೂಲನಿಧಿಗೆಂದೇ ಕೊಡುವ ಹಣವನ್ನು ಹಾಗೆಂದು ಲಿಖಿತವಾಗಿ ಸೂಚಿಸಿರಿ; ಇಲ್ಲವಾದರೆ ಅದು ಆ ವರ್ಷದ ಖರ್ಚಿನಲ್ಲಿ ಸೇರಿಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮಡದಿ ಮಕ್ಕಳಿಗೆ ಮೊದಲೇ ತಿಳಿಸಿ ಅವರ ಮನಸ್ಸನ್ನು ಒಲಿಸಿಕೊಳ್ಳಿರಿ. ಅವರ ಅನ್ನವನ್ನು ಕಿತ್ತು ಕೊಟ್ಟುದನ್ನು ಯಾವ ಮಠವೂ ಪಡೆಯಬಾರದು.

ಐದು, ಹತ್ತು ಸಾವಿರಗಳ ನೂರು ದತ್ತಿಗಳು ಬೇರೆ ಬೇರೆ ಖಾತೆಗಳಲ್ಲಿ ಬಡವಾಗುವುದಕ್ಕಿಂತ, ಒಂದೇ ನಿಧಿಯಾಗಿ ಕೂಡಿ, ನೂರು ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಲೇಸು. ಅದರೊಡನೆ ಸಾಲೋಟಗಿಯವರಂತೆ ಮದುವೆ, ಗೃಹಪ್ರವೇಶ, ಮಗುವಿನ ಲಿಂಗಧಾರಣೆ ಇಂಥ ಮಂಗಳ ಕಾರ್ಯಗಳಲ್ಲಿ ಅಲ್ಪವಾದರೂ ತಪ್ಪದೆ ಕೊಡುವ ರೂಢಿ ಬೆಳೆಯಬೇಕು. ಹಿಂದಿನಿಂದ ಬಂದ ದತ್ತಿಯೊಂದು ಸೊರಗಿದ್ದರೆ, ತಮ್ಮ ಹೆಸರಿನ ಹೊಸ ದತ್ತಿಯನ್ನು ಇಡುವ ಬದಲು ಅದಕ್ಕೆ ಅಸಲು ಕೂಡಿಸಿ ಬದುಕಿಸುವವರು ನಮ್ಮ ದೃಷ್ಟಿಯಲ್ಲಿ ದೊಡ್ಡ ದಾನಿಗಳು. ಶಾಸನಗಳ ಶ್ಲೋಕ ಹೇಳುವುದೂ ಅದನ್ನೇ.

ಪಾಲಿಸುವವರಾದ ನಮಗೂ, ಅಂದರೆ ಮಠಗಳಿಗೂ, ಕಠಿಣವಾದ ಮಾತು ಇದೆ. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆ ಮಠಗಳಿಗೆ ಅನ್ವಯಿಸುವುದಿಲ್ಲ. ಇದು ಸಮಾಜ ನಮ್ಮ ಮೇಲೆ ಇಟ್ಟ ವಿಶ್ವಾಸವೆಂದು ತಿಳಿಯಬೇಕು. ಹೊರಗಿನ ಕಣ್ಣು ಇಲ್ಲದಲ್ಲಿ ಒಳಗಿನ ಕಣ್ಣು ಎರಡು ಪಟ್ಟು ತೆರೆದಿರಬೇಕು. ಜಾತ್ರೆಯ ದಿನ ತೇರು ಎಳೆಯುವ ಮುಂಚೆ, ಕೂಡಿದ ಭಕ್ತರ ಎದುರಿಗೆ ಪ್ರತಿಯೊಂದು ದತ್ತಿಯ ಅಸಲು, ಬಡ್ಡಿ, ಖರ್ಚು, ಫಲ ಪಡೆದವರ ಸಂಖ್ಯೆ ಇವನ್ನು ಓದಿ ಹೇಳುವ ಪದ್ಧತಿ ಎಲ್ಲ ಮಠಗಳಲ್ಲಿಯೂ ಬರಬೇಕು. ಕೇಳುವ ಹಕ್ಕು ಭಕ್ತರದು. ಕೇಳಿದವರನ್ನು ದ್ರೋಹಿಗಳಂತೆ ಕಾಣುವ ಪೀಠ ದತ್ತಿಗೆ ಪಾತ್ರವಲ್ಲ. ಲೆಕ್ಕ ಓದುವಲ್ಲಿ ಅರವತ್ತು ಸಾವಿರ ವರ್ಷದ ಶಾಪದ ಅಗತ್ಯ ಬೀಳುವುದಿಲ್ಲ.

ಮುಂದಿನ ಸಲ ನಾಗಾವಿಯ ಯಲ್ಲಮ್ಮನ ದರ್ಶನಕ್ಕೆ ಹೋದವರು ಮಕ್ಕಳನ್ನು ಕರೆದುಕೊಂಡು, ಅಲ್ಲಿ ಆರು ಜನ ಪುಸ್ತಕಗಳನ್ನು ಕಾಯುತ್ತಿದ್ದರೆಂಬ ಸಂಗತಿಯನ್ನು ಅವರಿಗೆ ಹೇಳಲಿ. ದಾನಪತ್ರ ಬರೆಯಲು ಕುಳಿತವರು ಹಾಳೆಯ ಮೊದಲಲ್ಲಿ ಪಡೆಯುವವರು ಯಾರು, ಅವರಿಗೆ ಏನು ಸಲ್ಲಬೇಕು, ಲೆಕ್ಕ ಕೊಡುವವರು ಯಾರು, ಕೇಳುವವರು ಯಾರು ಎಂಬುದನ್ನು ಬರೆದು, ಜಾಗ ಉಳಿದರೆ ಕೆಳಗೆ ತಮ್ಮ ಹೆಸರನ್ನು ಬರೆಯಲಿ. ಅಂಥ ಪತ್ರಗಳನ್ನು ಸ್ವೀಕರಿಸುವ ಯೋಗ್ಯತೆ ನಮ್ಮ ಮಠಗಳಿಗೆ ಬರಲಿ ಎಂದು ಶ್ರೀಗುರುವಿನಲ್ಲಿ ಪ್ರಾರ್ಥಿಸುತ್ತೇವೆ.